ಕಾರ್ಡಿನ ಹಿಂದಿನ ಎರಡು ನಂಬರು

ಗಂಗೊಳ್ಳಿ
೧೯ ಜುಲೈ ೨೦೦೯

ಪ್ರೀತಿಯ ನಿಶ್ಮಿತಾ,

ನಿನ್ನ ಮಾವನ ಆಶೀರ್ವಾದಗಳು. ನೀನು ಧಾರವಾಡದ ಹಾಸ್ಟೆಲ್ ಸೇರಿ ತಿಂಗಳಾಯಿತು, ಮಾವನಿಂದ ಎರಡು ಸಾಲು ಕೂಡ ಬರಲಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀ. ತಪ್ಪು ನನ್ನದೇ. ಫೋನಿನಲ್ಲಿ ಊಟ ಆಯ್ತಾ ಎಂದು ಕೇಳಿದ ಮೇಲೆ ನನಗೆ ಮುಂದಿನ ಮಾತು ಹೊಳೆಯುವುದಿಲ್ಲ. ನಿನ್ನ ಇನ್ಶೂರೆನ್ಸ್ ಕಾರ್ಡ್ ಬರಲಿ, ಅದರ ಜೊತೆಗೇ ಬರೆಯೋಣ ಎಂದು ಕಾದೆ. ಲಕೋಟೆಯಲ್ಲಿ ಇಟ್ಟಿದ್ದೇನೆ, ಜೋಪಾನ.

ಇಲ್ಲಿ ಮಳೆಗಾಲ, ಮೀನುಗಾರಿಕೆ ನಿಂತು ದೋಣಿಗಳೆಲ್ಲ ದಡದಲ್ಲೇ ಇವೆ. ನಾನು ಜಗಲಿಯಲ್ಲಿ ಹರಿದ ಬಲೆ ಸರಿಮಾಡುತ್ತ ಕೂತಿರುತ್ತೇನೆ. ಸಂಜೆ ನೀನು ಕಾಲೇಜಿನಿಂದ ಬರುತ್ತಿದ್ದ ಬಸ್ಸು ಬಂದು ನಿಂತರೆ ಈಗಲೂ ತಲೆ ಎತ್ತುತ್ತೇನೆ. ಅಭ್ಯಾಸ ಎಂದು ಎಲ್ಲರಿಗೂ ಹೇಳುತ್ತೇನೆ. ಅಭ್ಯಾಸವೇನಲ್ಲ, ನಿನ್ನನ್ನು ನೋಡಬೇಕು ಅನಿಸುತ್ತದೆ.

ಏಜೆಂಟ್ ಪ್ರೇಮಾನಂದ ಎರಡು ಬಗೆಯ ಪಾಲಿಸಿ ತೋರಿಸಿದ. ಒಂದರಲ್ಲಿ ಆಸ್ಪತ್ರೆಗೆ ಮೊದಲು ನಾವೇ ಕಟ್ಟಿ, ಆಮೇಲೆ ಬಿಲ್ಲು ಕಳಿಸಬೇಕು. ಇನ್ನೊಂದರಲ್ಲಿ ಕಾರ್ಡ್ ತೋರಿಸಿದರೆ ಅಡ್ಮಿಟ್ ಮಾಡಿಕೊಳ್ಳುತ್ತಾರೆ, ಆದರೆ ಕಂತು ಜಾಸ್ತಿ. ಎರಡನೆಯದೇ ಇರಲಿ ಎಂದೆ. ಜ್ವರ ಬಂದರೂ ಯಾರಿಗೂ ಹೇಳದೆ ಹೊದ್ದು ಮಲಗುವವಳು ನೀನು. ನಾನು ಬಸ್ಸು ಹತ್ತಿ ಬಂದು ಮುಟ್ಟುವವರೆಗೆ ಆ ಕಾರ್ಡಾದರೂ ನನ್ನ ಬದಲಿಗೆ ಅಲ್ಲಿರಲಿ.

ಫಾರಂ ತುಂಬುವಾಗ 'ಸಂಬಂಧ' ಎಂಬಲ್ಲಿ ನಾನು ಸೀದಾ 'ಮಗಳು' ಎಂದು ಬರೆದೆ. ನಾಲ್ಕು ವರ್ಷದವಳಿದ್ದಾಗಿನಿಂದ ಸಾಕಿದವನಿಗೆ ಬೇರೆ ಏನು ಹೊಳೆಯಬೇಕು? ಪ್ರೇಮಾನಂದ ತಲೆ ಮೇಲೆ ಕೈಯಿಟ್ಟುಕೊಂಡ.

"ಹ್ವಾಯ್ ದುಗ್ಗಪ್ಪಣ್ಣ, ಇದೆಂತ ಮಾಡಿದ್ರಿ? ತಂಗಿ ಮಗಳ್, ನಿಮ್ಮ್ ಮಗಳ್ ಆಪ್ದ್ ಹ್ಯಾಂಗೆ? ಹೆಣ್ಣಿಗೆ ಇನ್ನೂ ಹದಿನೆಂಟ್ ಆಯ್ಲಿಲ್ಲೆ. ಅಪ್ಪನೇ ಸಹಿ ಹಾಕ್ಕ್, ಇಲ್ದಿರೆ ಕೋರ್ಟಿನ್ ಕಾಗದ ತನ್ನಿ."

ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಮನೆಗೆ ಸೋದರಮಾವನೇ ಯಜಮಾನ ಎಂದು ವಾದಿಸಿದೆ. ಎಷ್ಟು ವಾದಿಸಿದರೂ ಆ ಫಾರಮಿನಲ್ಲಿ ಮಾವನಿಗೆ ಜಾಗವಿರಲಿಲ್ಲ. ಪ್ರೇಮಾನಂದನಾದರೂ ಏನು ಮಾಡಿಯಾನು.

ಕೊನೆಗೆ ಬೈಂದೂರಿಗೆ, ನಿನ್ನ ಅಪ್ಪ ಭೋಜರಾಜನ ಮನೆಗೆ ಹೋದೆ. ನಿನ್ನ ಅಮ್ಮ ವನಜ ತೀರಿಕೊಂಡು ಅವನು ಬೇರೆ ಮದುವೆಯಾದ ಮೇಲೆ ನಾನು ಆ ಮೆಟ್ಟಿಲು ತುಳಿದವನಲ್ಲ. ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಕನ್ನಡಕ ಹುಡುಕಿ ತಂದು, ತೋರಿಸಿದಲ್ಲೆಲ್ಲ ಸಹಿ ಹಾಕಿದ. ಅವನ ಹೆಂಡತಿ ತಂದಿಟ್ಟ ಚಹಾ ತಣ್ಣಗಾಗುವವರೆಗೂ ನಿನ್ನ ಫೋಟೋ ನೋಡುತ್ತ ಕೂತ.

"ಥೇಟ್ ವನಜನೇ, ಅಲ್ದಾ ಭಾವ?" ಎಂದ. ಹೌದೆಂದೆ.

ಕಾರ್ಡ್ ಪೆಟ್ಟಿಗೆಯ ತಳದಲ್ಲಿ ಇಡಬೇಡ, ಪರ್ಸಿನಲ್ಲೇ ಇರಲಿ. ಅದನ್ನು ಹೊರಗೆ ತೆಗೆಯುವ ದಿನ ಮಾತ್ರ ಬಾರದಿರಲಿ. ದಸರಾ ರಜೆಗೆ ತಪ್ಪದೆ ಬಾ, ಅಷ್ಟರಲ್ಲಿ ಒಳ್ಳೆಯ ಬಂಗುಡೆ ಮೀನು ಬಂದಿರುತ್ತದೆ. ಹೊಟ್ಟೆ ತುಂಬ ಉಣ್ಣು, ಚೆನ್ನಾಗಿ ಓದು, ನೂರು ವರ್ಷ ಸುಖವಾಗಿ ಬಾಳು ಮಗಾ.

ನಿನ್ನ ದಾರಿ ನೋಡುತ್ತಿರುವ
ದುಗ್ಗಪ್ಪ ಮಾವ

ತಾ.ಕ.: ಇದನ್ನು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಾನು ಹೊರಟಾಗ ಭೋಜರಾಜ ಗೇಟಿನ ತನಕ ಬಂದು, "ಹೆಣ್ಣ್ ನನ್ನ ಸುದ್ದಿ ಕೇಂತಳಾ?" ಎಂದ. "ಇಲ್ಲೆ" ಎಂದುಬಿಟ್ಟೆ. ನೀನು ಧಾರವಾಡದ ಬಸ್ಸಿನ ಹತ್ತಿರ ಕೇಳಿದ್ದೆಯಲ್ಲ, "ಮಾವ, ನಾ ಹೋಪ್ದ್ ಅಪ್ಪಯ್ಯಂಗೆ ಗೊತ್ತಿತ್ತಾ?" ಎಂದು. ಆಗಲೂ "ಬಸ್ ಬಿಡ್ತ್, ಹತ್ತ್" ಎಂದು ಮಾತು ಹಾರಿಸಿದವನು ನಾನೇ. ನಿನಗೆ ಆರು ವರ್ಷವಾಗಿದ್ದಾಗ ಅವನು ಎರಡು ಸಲ ನಿನಗೆಂದು ಫ್ರಾಕ್ ತಂದಿದ್ದ. ಜಗಲಿಯಿಂದಲೇ ವಾಪಸ್ ಕಳಿಸಿದೆ. ನೀನು ಅವನ ಹಿಂದೆ ಹೋಗಿಬಿಟ್ಟರೆ ಎಂಬ ಹೆದರಿಕೆ, ಬೇರೇನಲ್ಲ. ಕಾರ್ಡಿನ ಹಿಂದೆ ಎರಡು ನಂಬರು ಬರೆದಿದ್ದೇನೆ. ಮೇಲಿನದು ನನ್ನದು, ಕೆಳಗಿನದು ಅವನದು. ಹುಷಾರಿಲ್ಲದಿದ್ದರೆ ನನಗೆ ಮಾಡು. ಹುಷಾರಾಗಿರುವಾಗ ಒಂದು ಸಲ ಅವನಿಗೆ ಮಾಡು.