ಅಕ್ಕನ ಪಲ್ಲವಿ

ಭಾನುವಾರ, ಮಧ್ಯಾಹ್ನ

ಸಿಟ್ಟು ಬಂದರೂ ಪತ್ರ ಹರಿಯದೆ ಕೊನೆತನಕ ಓದುವ ನನ್ನ ಅಕ್ಕನಿಗೆ,

ಒಡಹುಟ್ಟಿದವಳಲ್ಲ, ಆದರೂ ನಿನ್ನನ್ನು ಬಿಟ್ಟು ಯಾರನ್ನು ಕೇಳಲಿ? ತಲೆ ಕೆಟ್ಟು ಮೊಸರುಗಡಿಗೆಯಾಗಿದೆ.

ಹೋಟೆಲಿನ ಲಾಂಡ್ರಿಯಲ್ಲಿ ನಾವಿಬ್ಬರೂ ಎದುರುಬದುರು ನಿಂತು ಚಾದರ ಮಡಚುತ್ತ ಹಾಡುತ್ತಿದ್ದೆವಲ್ಲ, ರೇಡಿಯೋದ ಆ ಹಳೆಯ ಶಾಂತಿಯ ಹಾಡು, ಬೇಲಿ ಕಿತ್ತು ಕೈ ಹಿಡಿಯಿರಿ ಎನ್ನುವುದು, ಅದನ್ನೀಗ ಮ್ಯಾನೇಜರ್ ಹಿಡಿದುಕೊಂಡಿದ್ದಾನೆ. ಶುಕ್ರವಾರ ಹೊರದೇಶದ ಅತಿಥಿಗಳಿಗೆ ಸ್ವಾಗತವಂತೆ. ನಾವು ಕೆಲಸದವರು ಸಮವಸ್ತ್ರ ತೊಟ್ಟು ನಿಂತು, ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಪಲ್ಲವಿ ಹಾಡಬೇಕು. ನಿನ್ನ ಭಾಷೆಯದು ನನ್ನ ಪಾಲಿಗೆ ಬಂದಿದೆ.

ನೀನು ಕಲಿಸಿದ್ದರಿಂದ ಅದು ಬಾಯಿಪಾಠ ಇರುವವಳು ನಾನೊಬ್ಬಳೇ. ಹೊರದೇಶದವರು ಬೇಡವೆಂದು ಪೇಟೆಯಲ್ಲಿ ಗಲಾಟೆಯಾದ ವಾರ ನಿನ್ನನ್ನೂ ನಿನ್ನ ನಾಡಿನ ಉಳಿದವರನ್ನೂ ಒಟ್ಟಿಗೇ ಕೆಲಸದಿಂದ ತೆಗೆದರಲ್ಲ. ಕಲ್ಲು ಹೊಡೆದವರು ಯಾರೋ, ಅನ್ನ ಕಳೆದುಕೊಂಡವರು ನೀವು. ಅಂದು ಮ್ಯಾನೇಜರ್ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ತಪ್ಪು ತಿಳ್ಕೋಬೇಡಿ, ಇದೆಲ್ಲ ಶಾಂತಿಗೋಸ್ಕರ.” ನೀನು ಕೈಗವಸು ಬಿಚ್ಚಿ ಅವನ ಮೇಜಿನ ಮೇಲಿಟ್ಟು, “ಹಾಗಾದ್ರೆ ನಾಳೆಯಿಂದ ಶಾಂತೀನೇ ಬಂದು ಒಗೀಲಿ” ಅಂದೆ.

ಹೊಟ್ಟೆಗೆ ಹೊಡೆದ ಕೈಯಲ್ಲೇ ಈಗ ತಾಳ ಹಾಕುತ್ತಾನೆ. ಹಾಡಿದರೆ, ನಿನ್ನನ್ನು ಹೊರದಬ್ಬಿದ ಬಾಗಿಲಿಗೆ ನಾನೇ ಬಣ್ಣ ಬಳಿದಂತೆ. ಹಾಡದಿದ್ದರೆ ಆ ಕಟ್ಟಡದಲ್ಲಿ ನಿನ್ನ ಮಾತೇ ಇಲ್ಲವಾಗುತ್ತದೆ. ನಿನ್ನನ್ನು ಎರಡನೇ ಸಲ ಹೊರಗೆ ಹಾಕಿದವಳು ನಾನಾಗುತ್ತೇನೆ. ಅತ್ತ ದರಿ, ಇತ್ತ ಪುಲಿ. ಕೆಲಸ ಹೋದೀತೆಂಬ ಭಯವೂ ಇದೆ, ಸುಳ್ಳೇಕೆ?

ಇಸ್ತ್ರಿ ಮಾಡುವವನು ಆ ಹಾಡೇ ಸುಳ್ಳು ಎನ್ನುತ್ತಾನೆ. ಆದರೆ ಚಾದರ ಮಡಚುವಾಗ ನಾವು ಹಾಡಿದ್ದು ಸುಳ್ಳಲ್ಲವಲ್ಲ. ಅದೇ ಪದ, ಅದೇ ರಾಗ. ನಿನ್ನೆ ಅಭ್ಯಾಸದಲ್ಲಿ ನಿನ್ನ ಪಲ್ಲವಿ ಬಂದಾಗ ಪಾತ್ರೆ ತೊಳೆಯುವವಳು ಅತ್ತುಬಿಟ್ಟಳು. ಮ್ಯಾನೇಜರೂ ಕಣ್ಣೊರೆಸಿಕೊಂಡ. ಇಬ್ಬರ ಕಣ್ಣೀರೂ ನಿಜವೆಂದೇ ಕಂಡಿತು. ನನಗೆ ಅರ್ಥವಾಗದ್ದು ಅದೇ.

ಹಾಡಲೋ, ಬಿಡಲೋ? ಬೈದಾದರೂ ಸರಿ, ಬರೆ.

ಚಾದರದ ಇನ್ನೊಂದು ತುದಿ ಹಿಡಿದವಳು,
ನಿನ್ನ ತಂಗಿ

ಬರೆಯಲೋ ಬೇಡವೋ ಎಂದು ಬಿಟ್ಟಿದ್ದ ಮಾತು: ಬರುವ ಅತಿಥಿಗಳು ನಿನ್ನ ನಾಡಿನವರೇ. ಅದಕ್ಕೇ ಆ ಪಲ್ಲವಿಯ ಮೇಲೆ ಮ್ಯಾನೇಜರನಿಗಿಷ್ಟು ಪ್ರೀತಿ. ನಮ್ಮ ಹೋಟೆಲಿನಲ್ಲಂತೂ ಆ ಭಾಷೆ ಬಲ್ಲವರು ಒಬ್ಬರೂ ಉಳಿದಿಲ್ಲ. ನಾನೇನು ಹಾಡಿದರೂ ಅವನು ತಲೆದೂಗುತ್ತಾನೆ. ಅದೇ ರಾಗಕ್ಕೆ, ನಿನ್ನ ಭಾಷೆಯಲ್ಲೇ, ನಿಮ್ಮನ್ನು ಇಲ್ಲಿಂದ ಹೇಗೆ ಕಳಿಸಿದರೆಂದು ಎರಡು ಸಾಲು ಕಟ್ಟಿಕೊಡುತ್ತೀಯಾ? ಗುರುವಾರದೊಳಗೆ ಸಿಗಲಿ. ಬಾಯಿಪಾಠ ಮಾಡಲು ನನಗೆ ಒಂದು ಸಂಜೆ ಸಾಕು.