ತಂಗಿಯ ಫೋಲ್ಡರ್

ಚಿದ್ರಿ, ಬೀದರ
೧೬ ಫೆಬ್ರುವರಿ ೨೦೧೯

ಪ್ರೀತಿಯ ತಂಗಿ ರುಕ್ಮಿ,

ಶರಣು. ಪುಣೆಯ ನರ್ಸರಿಯಲ್ಲಿ ದಿನವಿಡೀ ಬಗ್ಗಿ ಸಸಿ ನೆಟ್ಟು ನಿನ್ನ ಸೊಂಟನೋವು ಹೆಚ್ಚಾಗಿಲ್ಲ ತಾನೆ? ನಿನ್ನ ಯಜಮಾನರು ಬಸವಣ್ಣೆಪ್ಪನವರಿಗೆ ಅಲ್ಲಿಯ ಊಟ ಒಗ್ಗಿತೆ? ನಲ್ಲಿಯಲ್ಲಿ ದಿನಾ ನೀರು ಬರುತ್ತದೆಂದು ಬರೆದಿದ್ದೆಯಲ್ಲ, ಅದನ್ನು ಓದಿ ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಇಲ್ಲಿ ಎಂಟು ದಿನಕ್ಕೊಮ್ಮೆ ಟ್ಯಾಂಕರ್. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಹೇಳಬೇಕಾದದ್ದನ್ನು ನುಂಗಿಬಿಡುತ್ತೇನೆ.

ಠಾಣಾ ಕುಶನೂರಿನಲ್ಲಿ ನೀನು ಬಿಟ್ಟುಹೋದ ಓದುಕೋಣೆಯನ್ನು ಜಾಹೇದಾ ನಡೆಸುತ್ತಿದ್ದಾಳೆ. ಕೂಲಿಗೆ ಊರು ಬಿಟ್ಟವರು ಅಜ್ಜಿಯರ ಹತ್ತಿರ ಬಿಟ್ಟುಹೋದ ಮಕ್ಕಳೇ ಈಗ ಹದಿನೇಳು. ನಾವಿಬ್ಬರೂ ನಮ್ಮ ದನಿಯಲ್ಲಿ ರೆಕಾರ್ಡ್ ಮಾಡಿಟ್ಟ ಪಾಠ, ಕಥೆಗಳನ್ನು ಕೇಳಿಸುವ ಆ ಅಂಗೈಯಗಲದ ಕಂಪ್ಯೂಟರ್ ಬೋರ್ಡು ಕರೆಂಟು ಹೋದಾಗಲೆಲ್ಲ ಕೈಕೊಡುತ್ತಿತ್ತು. ಅದರ ಮೆಮೊರಿ ಕಾರ್ಡು ಆ ಹೊಡೆತ ತಾಳುತ್ತಿರಲಿಲ್ಲ. ಹೋದ ವಾರ ಬೋರ್ಡನ್ನು ಇಲ್ಲಿಗೆ ತರಿಸಿ ಕಾರ್ಡಿಗಿಂತ ಗಟ್ಟಿಯಾದ ಎಸ್‌ಎಸ್‌ಡಿ ಡ್ರೈವ್ ಜೋಡಿಸಿದೆ. ಮೊದಲು ವಿದ್ಯುತ್ತು ಸಾಲದೆ ಡ್ರೈವಿನ ದೀಪ ಮಿಟುಕಿ ಆರುತ್ತಿತ್ತು. ದೊಡ್ಡ ಅಡಾಪ್ಟರ್ ಕೊಟ್ಟೆ, ಕಾರ್ಡಿನ ಬದಲು ಡ್ರೈವಿನಿಂದಲೇ ಶುರುವಾಗುವಂತೆ ಹೊಂದಿಸಿದೆ, ಕಾರ್ಡು ತೆಗೆದು ಸ್ವಿಚ್ ಒತ್ತಿದೆ. ಎದ್ದಿತು! ಬೇಕೆಂದೇ ಮೂರು ಸಲ ವೈರು ಕಿತ್ತೆ, ಮೂರು ಸಲವೂ ಎದ್ದಿತು. ಇಪ್ಪತ್ತು ವರ್ಷ ಶಾಲೆಯಲ್ಲಿ ಕಂಪ್ಯೂಟರ್ ಕಲಿಸಿದವಳು ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ.

ಮೊನ್ನೆ ಅದನ್ನು ಕುಶನೂರಿಗೆ ಒಯ್ದೆ. ನನ್ನ ಪಾಠ ಎರಡು ನಿಮಿಷ ನಡೆದಿರಬೇಕು, ಮಕ್ಕಳು "ರುಕ್ಮಿ ಬಾಯಿ ಎಲ್ಲಿ ಹೋದರ್ರಿ? ಅವರ ನರಿ ಕಥಿ ಹಾಕ್ರಿ" ಎಂದು ಗದ್ದಲ ಶುರು ಮಾಡಿದರು. ಹಳೆಯ ಕಾರ್ಡು ಕೆಟ್ಟಿತು, ಆ ಕಥೆಗಳು ಹೋದವು ಎಂದೆ. ಮುಂದೆ ಕೂತ ಒಬ್ಬಳು, "ನೀವು ಪೇಪರ್ ಓದಿದಂಗ ಹೇಳ್ತೀರಿ ಟೀಚರ್. ಅವರು ನಮ್ಮ ಮನ್ಯಾಗ ಕುಂತಂಗ ಹೇಳ್ತಾರ್ರಿ" ಎಂದಳು. ಜಾಹೇದಾ ಬಾಯಿಗೆ ಸೆರಗು ಹಿಡಿದು, "ಏನ್ ಮಾಡ್ತೀರಿ ಬಿಡ್ರಿ, ಕಾನ್ವೆಂಟ್ ಗಂಟಲ ಅದ" ಎಂದು ನಕ್ಕಳು. ನಾನೂ ನಕ್ಕೆ. ಬಸ್ಸಿನಲ್ಲಿ ಬರುವಾಗ ನಗು ಬರಲಿಲ್ಲ.

ಅಪ್ಪ ನನ್ನನ್ನು ಬೀದರಿನ ಇಂಗ್ಲಿಷ್ ಶಾಲೆಗೆ ಹಾಕಿ ನಿನ್ನನ್ನು ಔರಾದಿನಲ್ಲಿ ಅಜ್ಜಿಯ ಬಳಿ ಬಿಟ್ಟಾಗ ನೀನು ಎಷ್ಟು ಅತ್ತಿದ್ದೆ! ಆಗ ಗೆದ್ದವಳು ನಾನೇ ಎಂದುಕೊಂಡಿದ್ದೆ. ಅಜ್ಜಿಯ ಕಥೆಗಳೆಲ್ಲ ನಿನ್ನ ಪಾಲಿಗೆ ಹೋದವು, ನನ್ನ ಪಾಲಿಗೆ ಶುದ್ಧ ಉಚ್ಚಾರ ಬಂತು. ಇದು ನಿಜವಾದ ನಷ್ಟವೋ, ನಲವತ್ತಾರರ ಹೆಂಗಸಿನ ಹಟವೋ, ನನಗೇ ತಿಳಿಯದು. ಮಳೆ ಕೈಕೊಟ್ಟು ನೀನು ಊರು ಬಿಟ್ಟಾಗ, ಇನ್ನು ಮಕ್ಕಳು ನನ್ನ ಕಡೆ ತಿರುಗಬಹುದು ಎಂದು ಒಂದು ಕ್ಷಣ ಅನಿಸಿದ್ದೂ ಉಂಟು. ಬರೆಯಲು ನಾಚಿಕೆಯಾಗುತ್ತಿದೆ.

ಭಾಲ್ಕಿಯ ಸುಂದರಬಾಯಿ ಅತ್ತೆ ನಿನ್ನನ್ನು ಕೇಳಿದರು, ತಲೆ ನೇವರಿಸಿದೆನೆಂದು ಬರೆ ಎಂದರು. ಸೊಂಟಕ್ಕೆ ಬಿಸಿನೀರಿನ ಶಾಖ ತಪ್ಪಿಸಬೇಡ.

ನಿನ್ನ ಅಕ್ಕ,
ಮಂಗಲಾ

ಮರೆತ ಮಾತು: ಮರೆತದ್ದಲ್ಲ. ಕಾರ್ಡು ಕೆಟ್ಟಿಲ್ಲ ರುಕ್ಮಿ. ಅದರಲ್ಲಿ ನೀನೇ ಹೆಸರಿಟ್ಟ ಎರಡು ಫೋಲ್ಡರ್ ಇದ್ದವು, 'ಅಕ್ಕ' ಮತ್ತು 'ತಂಗಿ'. ನಾನು ಒಂದನ್ನೇ ಡ್ರೈವಿಗೆ ನಕಲು ಮಾಡಿದೆ. ಇಷ್ಟು ದಿನ ಕಾರ್ಡು ನನ್ನ ಕನ್ನಡಕದ ಡಬ್ಬಿಯಲ್ಲಿತ್ತು. ಇಂದು ಜಾಹೇದಾ ಬೀದರಿಗೆ ಬಂದಿದ್ದಳು. ಅವಳ ಕೈಗೆ ಅದನ್ನು ಕೊಟ್ಟೆ, ನಕಲು ಮಾಡುವ ಬಗೆಯನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅವಳ ಬಸ್ಸು ನಾಲ್ಕಕ್ಕೆ. ಅಷ್ಟರೊಳಗೆ ನೌಬಾದ ಸ್ಟಾಪಿಗೆ ಓಡಿ ವಾಪಸ್ ಕೇಳಿಬಿಟ್ಟೇನು ಎಂಬ ಹೆದರಿಕೆಗೆ ಈ ಪತ್ರವನ್ನು ಈಗಲೇ ಅಂಚೆ ಡಬ್ಬಿಗೆ ಹಾಕುತ್ತಿದ್ದೇನೆ.