ಇವತ್ತಿನ ತಪಾಸಣೆಗೆ ಬೂಟು ಬೇಡ

ಡೆಲ್ಬರ್ಟ್,

ಬೂಟು ಹುಡುಕಬೇಡ. ಕಾರಿನ ಡಿಕ್ಕಿಗೆ ಹಾಕ್ಕೊಂಡು ಕೆಲಸಕ್ಕೆ ಹೊರಟಿದ್ದೀನಿ. ಸೈನ್ಯದ ಅಂಗವೈಕಲ್ಯ ಪಿಂಚಣಿಯ ತಪಾಸಣೆಗೆ ಚಪ್ಪಲೀಲೇ ಹೋಗು. ಹೋದ ಸಲ ಬೂಟಿಗೆ ಪಾಲಿಶ್ ಹೊಡೆದು, ಇನ್ನೂ ಸೈನ್ಯದಲ್ಲಿರೋ ಹಾಗೆ ಸೆಟೆದು ನಿಂತು, "ಚೆನ್ನಾಗಿದ್ದೀನಿ ಸರ್" ಅಂದುಬಿಟ್ಟೆ. ಎದೆಯೊಳಗೆ ಪೇಸ್‌ಮೇಕರ್ ಇಟ್ಕೊಂಡಿರೋ ಮನುಷ್ಯನಿಗೆ ಬರೀ ಹತ್ತು ಪರ್ಸೆಂಟ್ ಅಂಗವೈಕಲ್ಯ ಅಂತ ಬರೆದು ಕಳಿಸಿದ್ರು. ಬರೆಯದೆ ಇನ್ನೇನು ಮಾಡ್ತಾರೆ!

ಓಟ್ಸ್ ಗಂಜಿ ಒಲೆ ಮೇಲಿದೆ, ತಿಂದು ಹೋಗು. ನಿನ್ನ ತಂಗಿ ವಿಲ್ಮಾ ಕಾರು ತರ್ತಾಳೆ. ಅವಳ ಮುಂದೆ ಗೊಣಗಬೇಡ.

ಡಾಕ್ಟರು ನಿನ್ನ ಕ್ಯಾಪ್ಟನ್ ಅಲ್ಲ ಮಾರಾಯ. ಏನು ಮಾಡಿದ್ರೆ ಏದುಸಿರು ಬರುತ್ತೆ, ಯಾವಾಗ ತಲೆ ಸುತ್ತುತ್ತೆ, ಬಾಯಿಬಿಟ್ಟು ಹೇಳು. ಹುಲ್ಲು ಕತ್ತರಿಸೋ ವಿಷಯ ಖಂಡಿತ ಹೇಳು. ಶನಿವಾರ ಅರ್ಧಕ್ಕೇ ಮೆಷಿನ್ ನಿಲ್ಲಿಸಿ, ಮೆಟ್ಟಿಲ ಮೇಲೆ ಕೂತು, "ಪೆಟ್ರೋಲ್ ಮುಗೀತು" ಅಂದೆಯಲ್ಲ. ನೀನು ಒಳಗೆ ಹೋದ ಮೇಲೆ ಮುಚ್ಚಳ ತೆಗೆದು ನೋಡಿದೆ. ಟ್ಯಾಂಕ್ ತುಂಬಿತ್ತು.

ನಿನ್ನ ಕಟ್ಕೊಂಡವಳು,
ಲೊರೇನ್